ಕೋಣೆ ಮುಖ್ಯವೋ, ಕೈ ಮುಖ್ಯವೋ? ಮಿದುಳಿನ ನೀರಿನ ಕೊಳವೆ ಮತ್ತು ಸೋಂಕಿನ ಲೆಕ್ಕ

"ಮಿದುಳಿನಲ್ಲಿ ನೀರು ತುಂಬಿಕೊಂಡಿದೆ. ಕೂಡಲೇ ಕೊಳವೆ ಹಾಕಬೇಕು. ಇಲ್ಲಿ ಸಹಿ ಮಾಡಿ."

ದೊಡ್ಡ ಆಸ್ಪತ್ರೆಗಳ ಐಸಿಯು ಬಾಗಿಲಲ್ಲಿ ನಿಂತ ಎಷ್ಟೋ ಕುಟುಂಬಗಳು ಕೇಳುವ ಮಾತು ಇದು. ಸಹಿ ಹಾಕುವವರ ಕೈ ನಡುಗುತ್ತಿರುತ್ತದೆ. ಆ ಹೊತ್ತಿನಲ್ಲಿ ಮನೆಯವರಲ್ಲಿ ಯಾರಾದರೊಬ್ಬರು ಕೇಳುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: "ಆಪರೇಷನ್ ಥಿಯೇಟರ್‌ಗೆ ಕರೆದುಕೊಂಡು ಹೋಗುವುದಿಲ್ಲವೇ? ಇಲ್ಲೇ ಬೆಡ್ ಮೇಲೆ ಮಾಡಿದರೆ ಸೋಂಕು ತಗಲುವುದಿಲ್ಲವೇ?"

ನಾನು ವಿಜ್ಞಾನ ವಿಭಾಗದವಳಲ್ಲ. ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಲೆಕ್ಕಶಾಸ್ತ್ರ, ಸಂಖ್ಯಾಶಾಸ್ತ್ರ ಓದುತ್ತಿದ್ದೇನೆ. ಕಳೆದ ವರ್ಷ ನಮ್ಮ ಖಾಲೂಗೆ, ಅಂದರೆ ಅಮ್ಮನ ತಂಗಿಯ ಗಂಡನಿಗೆ, ಬಿ.ಪಿ. ಏರಿ ಮಿದುಳಿನಲ್ಲಿ ರಕ್ತಸ್ರಾವವಾದಾಗ ಇದೇ ಪ್ರಶ್ನೆ ನಮ್ಮ ಮನೆಯಲ್ಲೂ ಎದ್ದಿತು. ಮನೆಯಲ್ಲಿ ಎಲ್ಲರೂ ಉರ್ದುವಿನಲ್ಲಿ "ದಿಮಾಗ್ ಕಾ ಪಾನಿ" ಎನ್ನುತ್ತಿದ್ದರು. ಅದು ಎಲ್ಲಿಂದ ಬರುತ್ತದೆ, ಕೊಳವೆ ಎಲ್ಲಿಗೆ ಹೋಗುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಖಾಲೂ ಈಗ ಗುಣವಾಗಿ ನಿಧಾನವಾಗಿ ನಡೆಯುತ್ತಿದ್ದಾರೆ. ಆ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು. ಜೀವಶಾಸ್ತ್ರದ ಉಪನ್ಯಾಸಕರನ್ನು ಕೇಳಿ, ಲೈಬ್ರರಿಯಲ್ಲಿ ಓದಿ ತಿಳಿದದ್ದನ್ನು ನನ್ನ ವಿಷಯವಾದ ಸಂಖ್ಯಾಶಾಸ್ತ್ರದ ಜೊತೆ ಸೇರಿಸಿ ಇಲ್ಲಿ ಪಾಠದ ರೂಪದಲ್ಲಿ ಬರೆದಿದ್ದೇನೆ.

1. ಮಿದುಳಿನ ನೀರು ಎಂದರೇನು?

ನಮ್ಮ ಮಿದುಳಿನ ಒಳಗೆ ನಾಲ್ಕು ಪುಟ್ಟ ಕುಳಿಗಳಿವೆ. ಎಡಬಲಕ್ಕೆ ಒಂದೊಂದು, ನಡುವೆ ಮೂರನೆಯದು, ಅದರ ಕೆಳಗೆ ನಾಲ್ಕನೆಯದು. ಈ ಕುಳಿಗಳಲ್ಲಿ ನೀರಿನಂತೆ ತಿಳಿಯಾದ ಒಂದು ದ್ರವ ಸದಾ ಉತ್ಪತ್ತಿಯಾಗುತ್ತಿರುತ್ತದೆ. ಪಠ್ಯಪುಸ್ತಕದಲ್ಲಿ ಇದನ್ನು ಮಸ್ತಿಷ್ಕ ಮೇರುದ್ರವ ಎಂದು ಕರೆಯುತ್ತಾರೆ. ವೈದ್ಯರು ಸಿಎಸ್ಎಫ್ ಎನ್ನುತ್ತಾರೆ. ಇದು ಕುಳಿಯಿಂದ ಕುಳಿಗೆ ಹರಿದು, ಮಿದುಳು ಮತ್ತು ಬೆನ್ನುಹುರಿಯ ಸುತ್ತ ಹರಡಿ, ಕೊನೆಗೆ ರಕ್ತದೊಳಗೆ ಸೇರಿಹೋಗುತ್ತದೆ. ಮಿದುಳು ಈ ದ್ರವದಲ್ಲಿ ತೇಲುತ್ತಿರುವುದರಿಂದಲೇ ಸಣ್ಣಪುಟ್ಟ ಪೆಟ್ಟುಗಳಿಂದ ಅದಕ್ಕೆ ರಕ್ಷಣೆ ಸಿಗುತ್ತದೆ.

ವಯಸ್ಕರೊಬ್ಬರ ದೇಹದಲ್ಲಿ ಯಾವುದೇ ಹೊತ್ತಿನಲ್ಲಿ ಈ ದ್ರವ ಸುಮಾರು 150 ಮಿಲಿಲೀಟರ್ ಇರುತ್ತದೆ. ಆದರೆ ದಿನವೊಂದಕ್ಕೆ ಉತ್ಪತ್ತಿಯಾಗುವುದು ಸುಮಾರು 500 ಮಿಲಿಲೀಟರ್. ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ ದಾಸ್ತಾನು 150, ದಿನದ ಆವಕ 500. ಆದ್ದರಿಂದ ಹಳೆಯ ಸರಕು ದಿನಕ್ಕೆ ಮೂರು ಸಲವಾದರೂ ಖಾಲಿಯಾಗಬೇಕು. ಹೊರಹೋಗುವ ದಾರಿ ಕಟ್ಟಿಕೊಂಡರೆ ಏನಾಗುತ್ತದೆ ಎಂದು ಯಾರಾದರೂ ಊಹಿಸಬಹುದು. ರಕ್ತಸ್ರಾವ, ಗಡ್ಡೆ, ಕ್ಷಯರೋಗದ ಬ್ಯಾಕ್ಟೀರಿಯಾದಿಂದ ಬರುವ ಮಿದುಳು ಪೊರೆಯ ಉರಿಯೂತ, ಹುಟ್ಟಿನಿಂದಲೇ ಬಂದ ದೋಷ, ಹೀಗೆ ದಾರಿ ಕಟ್ಟಿಕೊಳ್ಳಲು ಕಾರಣಗಳು ಹಲವು. ಈ ಸ್ಥಿತಿಗೆ ಹೈಡ್ರೋಸೆಫಾಲಸ್ ಎಂದು ಹೆಸರು. ತಲೆಬುರುಡೆ ಗಟ್ಟಿ ಪೆಟ್ಟಿಗೆಯಾದ್ದರಿಂದ ದ್ರವ ಹೆಚ್ಚಿದಷ್ಟೂ ಒತ್ತಡ ಏರುತ್ತದೆ. ತಲೆನೋವು, ವಾಂತಿ, ಮಂಪರು, ಕೊನೆಗೆ ಪ್ರಜ್ಞೆ ತಪ್ಪುವುದು. ಒತ್ತಡ ತುಂಬಾ ಏರಿದರೆ ಜೀವಕ್ಕೇ ಅಪಾಯ. ಆಗ ಗಂಟೆಗಳಲ್ಲ, ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ.

2. ಕೊಳವೆ ಹೇಗೆ ಹಾಕುತ್ತಾರೆ?

ಒತ್ತಡ ಇಳಿಸುವ ತುರ್ತು ಉಪಾಯವೇ ಈ ಕೊಳವೆ. ಆಸ್ಪತ್ರೆಯಲ್ಲಿ ಇದನ್ನು ಇವಿಡಿ ಎನ್ನುತ್ತಾರೆ. ಹಣೆಯ ಮೇಲ್ಭಾಗದಲ್ಲಿ, ಕೂದಲು ಶುರುವಾಗುವ ಗೆರೆಯ ಸ್ವಲ್ಪ ಹಿಂದೆ, ಹೆಚ್ಚಾಗಿ ಬಲಭಾಗದಲ್ಲಿ, ಬುರುಡೆಗೆ ಸಣ್ಣ ರಂಧ್ರ ಕೊರೆಯುತ್ತಾರೆ. ಅಲ್ಲಿಂದ ಮೆತ್ತಗಿನ ತೆಳು ಕೊಳವೆಯನ್ನು ಸುಮಾರು 6 ಸೆಂಟಿಮೀಟರ್ ಆಳದಲ್ಲಿರುವ ಕುಳಿಗೆ ಇಳಿಸುತ್ತಾರೆ. ಕೊಳವೆಯ ಹೊರತುದಿಯನ್ನು ಅದೇ ರಂಧ್ರದಿಂದ ನೇರವಾಗಿ ಹೊರಗೆ ಬಿಡುವುದಿಲ್ಲ. ನೆತ್ತಿಯ ಚರ್ಮದ ಅಡಿಯಲ್ಲೇ ಸ್ವಲ್ಪ ದೂರ ಸುರಂಗದಂತೆ ಒಯ್ದು ಬೇರೊಂದು ಕಡೆ ಹೊರತೆಗೆದು ಹೊಲಿಗೆ ಹಾಕುತ್ತಾರೆ. ಈ ಸುರಂಗಕ್ಕೆ ಕಾರಣವಿದೆ: ಚರ್ಮದ ಮೇಲಿನ ಬ್ಯಾಕ್ಟೀರಿಯಾ ಮಿದುಳಿಗೆ ತಲುಪುವ ದಾರಿ ಅಷ್ಟು ಉದ್ದವಾಗುತ್ತದೆ.

ಹೊರಗಿನ ತುದಿ ಅಳತೆ ಗೆರೆಗಳಿರುವ ಒಂದು ಪುಟ್ಟ ಕೊಠಡಿಗೂ ಅದರ ಕೆಳಗಿನ ಚೀಲಕ್ಕೂ ಸೇರುತ್ತದೆ. ಆ ಕೊಠಡಿಯನ್ನು ರೋಗಿಯ ಕಿವಿಯ ಮಟ್ಟದಿಂದ ಅಳೆದು ಗೊತ್ತಾದ ಎತ್ತರದಲ್ಲಿ ಕಟ್ಟುತ್ತಾರೆ. ಒಳಗಿನ ಒತ್ತಡ ಆ ಎತ್ತರವನ್ನು ಮೀರಿದಾಗ ಮಾತ್ರ ದ್ರವ ತೊಟ್ಟಿಕ್ಕುತ್ತದೆ. ನಮ್ಮ ಮನೆಯ ಓವರ್‌ಹೆಡ್ ಟ್ಯಾಂಕಿನ ಓವರ್‌ಫ್ಲೋ ಪೈಪನ್ನು ನೆನೆಸಿಕೊಂಡರೆ ಸಾಕು.

ಇದು ಹೊಸ ವಿದ್ಯೆಯೇನಲ್ಲ. ಸೂಕ್ಷ್ಮಾಣುಗಳನ್ನು ದೂರವಿಟ್ಟು ಮಿದುಳಿನ ಕುಳಿಯಿಂದ ದ್ರವ ಹೊರತೆಗೆದ ಮೊದಲಿಗರಲ್ಲಿ ಜರ್ಮನಿಯ ವೈದ್ಯ ಕಾರ್ಲ್ ವೆರ್ನಿಕೆ ಹೆಸರು ಬರುತ್ತದೆ. ಅದು 1881ರ ಮಾತು. ಇಂದು ಬೆಂಗಳೂರಿನ ನಿಮ್ಹಾನ್ಸ್‌ನಂತಹ ದೊಡ್ಡ ಸಂಸ್ಥೆಗಳಿರಲಿ, ನರಶಸ್ತ್ರಚಿಕಿತ್ಸಕರಿರುವ ಜಿಲ್ಲಾ ಕೇಂದ್ರದ ಆಸ್ಪತ್ರೆಯಿರಲಿ, ಈ ಕೊಳವೆ ಎಲ್ಲ ಕಡೆ ಬಳಕೆಯಲ್ಲಿದೆ.

3. ಸೋಂಕು ಯಾವ ದಾರಿಯಲ್ಲಿ ಬರುತ್ತದೆ?

ಮಿದುಳಿನ ಒಳಗಿನ ಕುಳಿ ನಮ್ಮ ದೇಹದ ಅತ್ಯಂತ ಭದ್ರವಾದ ಜಾಗ. ಅಲ್ಲಿಗೆ ಹೊರಗಿನ ಗಾಳಿಯಾಗಲಿ, ಸೂಕ್ಷ್ಮಾಣುವಾಗಲಿ ಸುಲಭವಾಗಿ ಹೋಗುವಂತಿಲ್ಲ. ಕೊಳವೆ ಹಾಕಿದ ಕೂಡಲೇ ಆ ಭದ್ರ ಕೋಣೆಗೆ ಹೊರಗಿನಿಂದ ಒಂದು ದಾರಿ ತೆರೆದಂತಾಗುತ್ತದೆ. ಸೋಂಕು ಬರುವುದು ಮುಖ್ಯವಾಗಿ ಮೂರು ರೀತಿಯಲ್ಲಿ.

ಮೊದಲನೆಯದು, ಕೊಳವೆ ಹಾಕುವ ಹೊತ್ತಿನಲ್ಲೇ. ನೆತ್ತಿಯ ಚರ್ಮದ ಮೇಲೆ ಯಾವಾಗಲೂ ಇರುವ ಸ್ಟೆಫಿಲೋಕಾಕಸ್ ಜಾತಿಯ ಬ್ಯಾಕ್ಟೀರಿಯಾಗಳು ಕೊಳವೆಗೆ ಅಂಟಿ ಒಳಗೆ ಹೋಗಬಹುದು. ಎರಡನೆಯದು, ಹಾಕಿದ ನಂತರದ ದಿನಗಳಲ್ಲಿ ಕೊಳವೆಯ ಹೊರಮೈಗುಂಟ. ಹೊಲಿಗೆಯ ಸುತ್ತ ದ್ರವ ಸೋರುತ್ತಿದ್ದರೆ ಈ ದಾರಿ ಇನ್ನೂ ಸುಲಭ. ಮೂರನೆಯದು, ಕೊಳವೆಯ ಒಳಗಿನಿಂದ. ಪರೀಕ್ಷೆಗೆಂದು ದ್ರವ ತೆಗೆಯುವಾಗ, ಕಟ್ಟಿಕೊಂಡ ಕೊಳವೆಯನ್ನು ತೊಳೆಯುವಾಗ, ಚೀಲ ಬದಲಿಸುವಾಗ, ಜೋಡಣೆ ಕಳಚಿಕೊಂಡಾಗ. ಪ್ರತಿ ಬಾರಿ ತೆರೆದಾಗಲೂ ಒಂದು ಅವಕಾಶ.

ಒಮ್ಮೆ ಒಳಹೊಕ್ಕ ಬ್ಯಾಕ್ಟೀರಿಯಾ ಕೊಳವೆಯ ಗೋಡೆಗೆ ಅಂಟಿಕೊಂಡು ತನ್ನ ಸುತ್ತ ಲೋಳೆಯಂತಹ ಪದರ ಕಟ್ಟಿಕೊಳ್ಳುತ್ತದೆ. ನೀರಿನ ಡ್ರಮ್ಮಿನ ಒಳಗೋಡೆಗೆ ಜಾರುವಂತೆ ಪಾಚಿ ಹಿಡಿಯುತ್ತದಲ್ಲ, ಹಾಗೆ. ಈ ಪದರದೊಳಗೆ ಔಷಧಿ ಸರಿಯಾಗಿ ಇಳಿಯುವುದಿಲ್ಲ. ಅದಕ್ಕೇ ಸೋಂಕು ತಗಲಿದ ಕೊಳವೆಯನ್ನು ಬಹಳ ಸಲ ತೆಗೆದೇ ಹಾಕಬೇಕಾಗುತ್ತದೆ. ನಮ್ಮ ದೇಶದ ಅನೇಕ ಐಸಿಯುಗಳಲ್ಲಿ ಚರ್ಮದ ಬ್ಯಾಕ್ಟೀರಿಯಾಗಳ ಜೊತೆಗೆ ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾದಂತಹ, ಹಲವು ಔಷಧಿಗಳಿಗೆ ಜಗ್ಗದ ಬ್ಯಾಕ್ಟೀರಿಯಾಗಳೂ ಇವೆ. ಸೋಂಕು ತಗಲಿದರೆ ಆಸ್ಪತ್ರೆಯ ವಾಸ ವಾರಗಟ್ಟಲೆ ಬೆಳೆಯುತ್ತದೆ, ಖರ್ಚು ಏರುತ್ತದೆ, ಬದುಕಿದವರಲ್ಲೂ ನೆನಪು, ಮಾತು, ನಡಿಗೆಗೆ ತೊಂದರೆ ಉಳಿಯಬಹುದು. ಹಾಗಾಗಿ ಮನೆಯವರ ಆತಂಕ ಸುಮ್ಮನೆ ಹುಟ್ಟಿದ್ದಲ್ಲ.

4. ಥಿಯೇಟರೋ, ಐಸಿಯುವೋ?

ಈಗ ಮೂಲ ಪ್ರಶ್ನೆಗೆ ಬರೋಣ. ಈ ಕೊಳವೆಯನ್ನು ಆಪರೇಷನ್ ಥಿಯೇಟರ್‌ನಲ್ಲೂ ಹಾಕುತ್ತಾರೆ, ಐಸಿಯುವಿನ ಬೆಡ್ ಮೇಲೂ ಹಾಕುತ್ತಾರೆ, ಕೆಲವೊಮ್ಮೆ ಎಮರ್ಜೆನ್ಸಿ ವಾರ್ಡಿನಲ್ಲೂ ಹಾಕುತ್ತಾರೆ.

ಥಿಯೇಟರ್‌ನ ಪರವಾದ ವಾದ ಸರಳ. ಅಲ್ಲಿ ಗಾಳಿಯನ್ನು ಸೋಸಿ ಬಿಡುತ್ತಾರೆ, ಓಡಾಡುವ ಜನ ಕಡಿಮೆ, ಎಲ್ಲರೂ ಟೋಪಿ, ಮಾಸ್ಕ್, ಗೌನ್ ಹಾಕಿರುತ್ತಾರೆ, ಬೆಳಕು ಚೆನ್ನಾಗಿದೆ, ಉಪಕರಣಗಳು ಕೈಗೆಟುಕುವಂತಿವೆ. ಐಸಿಯುವಿನ ಪರವಾದ ವಾದವೂ ಅಷ್ಟೇ ಗಟ್ಟಿ. ವೆಂಟಿಲೇಟರ್ ಮೇಲಿರುವ, ಒತ್ತಡ ಏರುತ್ತಿರುವ ರೋಗಿಯನ್ನು ಲಿಫ್ಟಿನಲ್ಲಿ, ಕಾರಿಡಾರಿನಲ್ಲಿ ಸಾಗಿಸುವುದೇ ಒಂದು ಅಪಾಯ. ಥಿಯೇಟರ್ ಖಾಲಿ ಇಲ್ಲದಿದ್ದರೆ ಕಾಯಬೇಕು. ಆ ಕಾಯುವ ಹೊತ್ತಿನಲ್ಲಿ ಮಿದುಳಿಗೆ ಆಗುವ ಹಾನಿಯನ್ನು ಯಾವ ಔಷಧಿಯೂ ಪೂರ್ತಿ ಸರಿಪಡಿಸಲಾರದು.

ಹಾಗಾದರೆ ಸೋಂಕು ಎಲ್ಲಿ ಹೆಚ್ಚು? ಬೇರೆ ಬೇರೆ ದೇಶಗಳ ಆಸ್ಪತ್ರೆಗಳು ತಮ್ಮ ದಾಖಲೆಗಳನ್ನು ಹೋಲಿಸಿ ನೋಡಿವೆ. ಕೆಲವು ವರದಿಗಳಲ್ಲಿ ಥಿಯೇಟರ್‌ನಲ್ಲಿ ಹಾಕಿದ ಕೊಳವೆಗಳಿಗೆ ಸೋಂಕು ಕಡಿಮೆ ಎಂದು ಕಂಡಿದೆ. ಇನ್ನು ಹಲವು ವರದಿಗಳಲ್ಲಿ ಎರಡು ಕಡೆಗೂ ಹೇಳಿಕೊಳ್ಳುವಂತಹ ವ್ಯತ್ಯಾಸವೇ ಕಂಡಿಲ್ಲ. ಆಸ್ಪತ್ರೆಯಿಂದ ಆಸ್ಪತ್ರೆಗೆ ಇರುವ ಅಂತರ ಮಾತ್ರ ಬಹಳ ದೊಡ್ಡದು: ಕೆಲವು ಕಡೆ ನೂರರಲ್ಲಿ ಒಬ್ಬರಿಗೂ ಸೋಂಕಿಲ್ಲ, ಇನ್ನು ಕೆಲವು ಕಡೆ ನೂರರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರಿಗೆ. ಒಂದೇ ಕೊಳವೆ, ಒಂದೇ ವಿಧಾನ, ಇಷ್ಟೊಂದು ಅಂತರ ಯಾಕೆ? ಇಲ್ಲಿಂದ ಮುಂದೆ ವಾಣಿಜ್ಯ ವಿಭಾಗದವರ ಕೆಲಸ ಶುರುವಾಗುತ್ತದೆ.

5. ಮೊದಲ ಲೆಕ್ಕ: ಯಾವುದರಿಂದ ಭಾಗಿಸಬೇಕು?

ಇದು ನಾನೇ ಕಟ್ಟಿದ ಉದಾಹರಣೆ, ಯಾವ ಆಸ್ಪತ್ರೆಯ ಅಂಕಿಯೂ ಅಲ್ಲ. ಥಿಯೇಟರ್‌ನಲ್ಲಿ 100 ಜನರಿಗೆ ಕೊಳವೆ ಹಾಕಿದರು, 6 ಜನರಿಗೆ ಸೋಂಕಾಯಿತು. ಐಸಿಯುವಿನಲ್ಲಿ 100 ಜನರಿಗೆ ಹಾಕಿದರು, 9 ಜನರಿಗೆ ಸೋಂಕಾಯಿತು. ಶೇ. 6 ಮತ್ತು ಶೇ. 9. ಥಿಯೇಟರ್ ಗೆದ್ದಿತು ಎಂದು ಬಿಡಬಹುದೇ?

ಇನ್ನೊಂದು ಅಂಕಿ ಸೇರಿಸೋಣ. ಥಿಯೇಟರ್ ರೋಗಿಗಳಲ್ಲಿ ಕೊಳವೆ ಸರಾಸರಿ 5 ದಿನ ಇತ್ತು. ಐಸಿಯು ರೋಗಿಗಳಲ್ಲಿ ಸರಾಸರಿ 10 ದಿನ ಇತ್ತು. ಕೂಲಿ ಲೆಕ್ಕದಲ್ಲಿ ಐದು ಜನ ನಾಲ್ಕು ದಿನ ಕೆಲಸ ಮಾಡಿದರೆ 20 ಆಳು ಎನ್ನುತ್ತೇವೆ. ಅದೇ ರೀತಿ ಇಲ್ಲಿ "ಕೊಳವೆ-ದಿನ" ಲೆಕ್ಕ ಹಾಕುತ್ತಾರೆ. ಥಿಯೇಟರ್: 100 × 5 = 500 ಕೊಳವೆ-ದಿನ, ಅದರಲ್ಲಿ 6 ಸೋಂಕು. ಅಂದರೆ 1000 ಕೊಳವೆ-ದಿನಕ್ಕೆ 12. ಐಸಿಯು: 100 × 10 = 1000 ಕೊಳವೆ-ದಿನ, ಅದರಲ್ಲಿ 9 ಸೋಂಕು. ಅಂದರೆ 1000 ಕೊಳವೆ-ದಿನಕ್ಕೆ 9. ಈಗ ಐಸಿಯು ಗೆದ್ದಿತು!

ಅಂಕಿಗಳು ಬದಲಾಗಲಿಲ್ಲ, ಭಾಜಕ ಬದಲಾಯಿತು ಅಷ್ಟೇ. ಒಂದು ವಾರ ತೆರೆದಿದ್ದ ಅಂಗಡಿಯ ನಷ್ಟವನ್ನೂ ಒಂದು ತಿಂಗಳು ತೆರೆದಿದ್ದ ಅಂಗಡಿಯ ನಷ್ಟವನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವ ವ್ಯಾಪಾರಿ ಯಾರೂ ಇಲ್ಲ. ಆದರೆ ಆಸ್ಪತ್ರೆಗಳ ಬಗ್ಗೆ ಓದುವಾಗ ನಾವು ಇದನ್ನು ಗಮನಿಸುವುದೇ ಇಲ್ಲ.

6. ಎರಡನೆಯ ಲೆಕ್ಕ: ಯಾರು ಯಾವ ಕೋಣೆಗೆ ಹೋದರು?

ಇದೂ ನಾನು ಕಟ್ಟಿದ ಉದಾಹರಣೆಯೇ. ರೋಗಿಗಳಲ್ಲಿ ಎರಡು ಗುಂಪು ಮಾಡಿ. ಸ್ಥಿತಿ ಅಷ್ಟೇನೂ ಗಂಭೀರವಲ್ಲದವರು ಮತ್ತು ಕುಳಿಯೊಳಗೆ ರಕ್ತ ತುಂಬಿ ಗಂಭೀರವಾಗಿರುವವರು. ಮೊದಲ ಗುಂಪಿಗೆ ಎಲ್ಲಿ ಹಾಕಿದರೂ ಸೋಂಕು ಶೇ. 5, ಎರಡನೆಯ ಗುಂಪಿಗೆ ಎಲ್ಲಿ ಹಾಕಿದರೂ ಶೇ. 15 ಎಂದು ಇಟ್ಟುಕೊಳ್ಳಿ. ಅಂದರೆ ಕೋಣೆಯಿಂದ ಯಾವ ವ್ಯತ್ಯಾಸವೂ ಇಲ್ಲ.

ಥಿಯೇಟರ್‌ಗೆ ಹೋದ 100 ಜನರಲ್ಲಿ 80 ಜನ ಮೊದಲ ಗುಂಪು, 20 ಜನ ಎರಡನೆಯ ಗುಂಪು. ಸೋಂಕು: 80ರಲ್ಲಿ 4, 20ರಲ್ಲಿ 3, ಒಟ್ಟು 7.
ಐಸಿಯುವಿನಲ್ಲೇ ಹಾಕಿಸಿಕೊಂಡ 100 ಜನರಲ್ಲಿ 20 ಜನ ಮೊದಲ ಗುಂಪು, 80 ಜನ ಎರಡನೆಯ ಗುಂಪು. ಸೋಂಕು: 20ರಲ್ಲಿ 1, 80ರಲ್ಲಿ 12, ಒಟ್ಟು 13.

ಒಟ್ಟು ಮಾತ್ರ ನೋಡಿದರೆ ಐಸಿಯುವಿನಲ್ಲಿ ಸೋಂಕು ಹೆಚ್ಚುಕಡಿಮೆ ಎರಡು ಪಟ್ಟು. ಗುಂಪು ಬಿಡಿಸಿ ನೋಡಿದರೆ ವ್ಯತ್ಯಾಸ ಸೊನ್ನೆ. ವಾಸ್ತವದಲ್ಲೂ ಥಿಯೇಟರ್‌ಗೆ ಸಾಗಿಸಲಾಗದಷ್ಟು ಗಂಭೀರವಾಗಿರುವವರಿಗೇ ಬೆಡ್ ಮೇಲೆ ಕೊಳವೆ ಹಾಕುವುದು ಹೆಚ್ಚು. ಕುಳಿಯೊಳಗೆ ರಕ್ತ ತುಂಬಿದವರಿಗೆ ಸೋಂಕಿನ ಅಪಾಯ ಹೆಚ್ಚು ಎಂದು 1984ರಷ್ಟು ಹಿಂದೆಯೇ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಅಮೆರಿಕದ ವೈದ್ಯರು ಬರೆದಿದ್ದರು. ಕೊಳವೆಯನ್ನು ತೆರೆದು ತೊಳೆಯುವುದು ಮತ್ತು ಕೊಳವೆ ಐದು ದಿನಕ್ಕಿಂತ ಹೆಚ್ಚು ಇರುವುದು ಕೂಡ ಅಪಾಯ ಹೆಚ್ಚಿಸುತ್ತದೆ ಎಂದು ಅವರು ಕಂಡುಕೊಂಡರು.

ಇದಕ್ಕೆ ಮೂರನೆಯ ತೊಡಕೂ ಸೇರುತ್ತದೆ. ಯಾವುದನ್ನು ಸೋಂಕು ಎಂದು ಕರೆಯಬೇಕು? ಮಿದುಳಿನಲ್ಲಿ ರಕ್ತಸ್ರಾವವಾದವರಿಗೆ ಸೋಂಕಿಲ್ಲದೆಯೂ ಜ್ವರ ಬರುತ್ತದೆ, ದ್ರವದಲ್ಲಿ ಬಿಳಿ ರಕ್ತಕಣಗಳು ಹೆಚ್ಚುತ್ತವೆ. ಒಂದು ಆಸ್ಪತ್ರೆ ದ್ರವದಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಮಾತ್ರ ಸೋಂಕು ಎಂದು ಬರೆಯುತ್ತದೆ. ಇನ್ನೊಂದು ಆಸ್ಪತ್ರೆ ಅನುಮಾನ ಬಂದು ಔಷಧಿ ಶುರುಮಾಡಿದರೂ ಸೋಂಕು ಎಂದೇ ಬರೆಯುತ್ತದೆ. ಎರಡು ಅಂಗಡಿಯವರು ಬೇರೆ ಬೇರೆ ತೂಕದ ಕಲ್ಲು ಇಟ್ಟುಕೊಂಡಂತೆ. ಕಡಿಮೆ ಅಂಕಿ ತೋರಿಸುವ ಆಸ್ಪತ್ರೆ ನಿಜಕ್ಕೂ ಚೊಕ್ಕಟವೇ, ಅಥವಾ ಕಡಿಮೆ ಬರೆದುಕೊಂಡಿದೆಯೇ ಎಂಬುದನ್ನು ಅಳತೆಗೋಲು ತಿಳಿಯದೆ ಹೇಳಲಾಗದು.

7. ವಿಯೆನ್ನಾದ ಎರಡು ವಾರ್ಡುಗಳು

ಕೋಣೆಯನ್ನು ದೂರುವುದು ಹಳೆಯ ಅಭ್ಯಾಸ. ಇದಕ್ಕೆ ವೈದ್ಯಕೀಯ ಇತಿಹಾಸದಲ್ಲಿ ಒಂದು ಪ್ರಸಿದ್ಧ ಉದಾಹರಣೆಯಿದೆ. 1840ರ ದಶಕದಲ್ಲಿ ಆಸ್ಟ್ರಿಯಾದ ವಿಯೆನ್ನಾ ಜನರಲ್ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಮೊದಲನೆಯದರಲ್ಲಿ ಬಾಣಂತಿ ಜ್ವರದಿಂದ ಸಾಯುವವರು ನೂರಕ್ಕೆ ಸುಮಾರು 10, ಎರಡನೆಯದರಲ್ಲಿ ಸುಮಾರು 4. ಗರ್ಭಿಣಿಯರು ಮೊದಲ ವಾರ್ಡು ಬೇಡವೆಂದು ಬೇಡಿಕೊಳ್ಳುತ್ತಿದ್ದರು. ಕೆಟ್ಟ ಗಾಳಿ, ಜನದಟ್ಟಣೆ ಎಂದು ಕಾರಣ ಹುಡುಕಿದವರು ಬಹಳ.

ಇಗ್ನಾಸ್ ಸೆಮ್ಮೆಲ್‌ವೈಸ್ ಎಂಬ ಯುವ ವೈದ್ಯ ಗಮನಿಸಿದ್ದು ಬೇರೆಯದನ್ನು. ಎರಡನೆಯ ವಾರ್ಡನ್ನು ನೋಡಿಕೊಳ್ಳುತ್ತಿದ್ದವರು ಸೂಲಗಿತ್ತಿಯರು. ಮೊದಲನೆಯದನ್ನು ನೋಡಿಕೊಳ್ಳುತ್ತಿದ್ದವರು ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆಗೆ ಬರುತ್ತಿದ್ದ ವೈದ್ಯರು ಮತ್ತು ವಿದ್ಯಾರ್ಥಿಗಳು. 1847ರ ಮೇ ತಿಂಗಳಲ್ಲಿ ಅವರು ಎಲ್ಲರೂ ಬ್ಲೀಚಿಂಗ್ ಪೌಡರ್‌ನಂತಹ ಸುಣ್ಣದ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ನಿಯಮ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ವಾರ್ಡು ಅದೇ, ಗೋಡೆ ಅದೇ, ಗಾಳಿ ಅದೇ. ಬದಲಾದದ್ದು ಕೈ.

8. ಸೋಂಕನ್ನು ನಿಜವಾಗಿ ಇಳಿಸುವುದು ಯಾವುದು?

ಕೋಣೆಗೆ ಬೆಲೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಥಿಯೇಟರ್‌ನ ಒಳ್ಳೆಯತನ ಬರೀ ಗೋಡೆಯಲ್ಲಿಲ್ಲ, ಅಲ್ಲಿನ ಶಿಸ್ತಿನಲ್ಲಿದೆ ಎಂಬುದು ನನಗೆ ಅರ್ಥವಾದ ವಿಷಯ. ಆ ಶಿಸ್ತನ್ನು ಬೆಡ್ ಪಕ್ಕಕ್ಕೂ ತರಬಹುದು.

ಇದಕ್ಕೆ ಬಹಳ ದೊಡ್ಡ ಸಾಕ್ಷಿ ಇನ್ನೊಂದು ಬಗೆಯ ಕೊಳವೆಯಿಂದ ಬಂದಿದೆ. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ, ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕುವಾಗ ಐದು ಸರಳ ಅಂಶಗಳನ್ನು ಪಾಲಿಸುವಂತೆ ಮಾಡಿದರು: ಕೈ ತೊಳೆಯುವುದು, ಮೈಪೂರ್ತಿ ಹೊದಿಕೆ ಬಳಸುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಶುಚಿ ಮಾಡುವುದು, ಆದಷ್ಟು ತೊಡೆಸಂದಿಯ ರಕ್ತನಾಳವನ್ನು ಬಿಡುವುದು, ಬೇಡವಾದ ಕೊಳವೆಯನ್ನು ಕೂಡಲೇ ತೆಗೆಯುವುದು. 2006ರಲ್ಲಿ ಪೀಟರ್ ಪ್ರೊನೊವೋಸ್ಟ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಕಾರ 1000 ಕೊಳವೆ-ದಿನಕ್ಕೆ ಸರಾಸರಿ 7.7 ಇದ್ದ ಸೋಂಕು ಒಂದೂವರೆ ವರ್ಷದೊಳಗೆ 1.4ಕ್ಕೆ ಇಳಿಯಿತು. ಕೆಲಸ ನಡೆದದ್ದು ಅದೇ ಐಸಿಯುಗಳಲ್ಲಿ. ಗಮನಿಸಿ, ಅವರು ಬಳಸಿದ ಭಾಜಕವೂ ಕೊಳವೆ-ದಿನವೇ.

ಮಿದುಳಿನ ಕೊಳವೆಗೂ ಈಗ ಇಂತಹ ಪಟ್ಟಿಗಳಿವೆ. ಕೂದಲನ್ನು ಬ್ಲೇಡಿನಿಂದ ಬೋಳಿಸದೆ ಕ್ಲಿಪ್ಪರ್‌ನಿಂದ ಕತ್ತರಿಸುವುದು, ಏಕೆಂದರೆ ಬ್ಲೇಡಿನ ಸಣ್ಣ ಗೀರುಗಳಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಚರ್ಮಕ್ಕೆ ಹಚ್ಚಿದ ದ್ರಾವಣ ಪೂರ್ತಿ ಒಣಗುವವರೆಗೆ ಕಾಯುವುದು. ಟೋಪಿ, ಮಾಸ್ಕ್, ಗೌನ್, ದೊಡ್ಡ ಹೊದಿಕೆ. ಕೊಳವೆಯನ್ನು ಚರ್ಮದಡಿ ಸುರಂಗದಲ್ಲಿ ಒಯ್ಯುವುದು. ಹಾಕಿದ ಮೇಲೆ ಕಾರಣವಿಲ್ಲದೆ ತೆರೆಯದಿರುವುದು, ದಿನವೂ ಪರೀಕ್ಷೆಗೆ ದ್ರವ ತೆಗೆಯದಿರುವುದು. ಕೊಳವೆ ಇನ್ನೂ ಬೇಕೇ ಎಂದು ಪ್ರತಿದಿನ ಕೇಳಿಕೊಳ್ಳುವುದು.

ಒಂದು ಕುತೂಹಲದ ವಿಷಯ. ಐದು ದಿನದ ನಂತರ ಅಪಾಯ ಏರುತ್ತದೆ ಎಂದು ತಿಳಿದಾಗ, ಐದು ದಿನಕ್ಕೊಮ್ಮೆ ಹೊಸ ಕೊಳವೆ ಹಾಕಿದರೆ ಆಯಿತಲ್ಲ ಎಂದು ಅನೇಕರು ಭಾವಿಸಿದರು. ನಂತರದ ಅಧ್ಯಯನಗಳಲ್ಲಿ ಇದರಿಂದ ಲಾಭ ಕಾಣಲಿಲ್ಲ. ಹೊಸ ಕೊಳವೆ ಎಂದರೆ ಭದ್ರ ಕೋಣೆಗೆ ಮತ್ತೊಂದು ಹೊಸ ದಾರಿ ತೆರೆದಂತೆ. 2017ರ ಅಮೆರಿಕದ ಸೋಂಕುರೋಗ ತಜ್ಞರ ಮಾರ್ಗಸೂಚಿ ಕೂಡ ದಿನ ಲೆಕ್ಕ ಹಾಕಿ ಕೊಳವೆ ಬದಲಿಸುವುದು ಬೇಡ ಎನ್ನುತ್ತದೆ.

9. ದುಬಾರಿಯಾದದ್ದೇ ಒಳ್ಳೆಯದೇ?

ಔಷಧಿ ಸೇರಿಸಿದ ಕೊಳವೆಗಳೂ ಇವೆ, ಬೆಲೆ ಹೆಚ್ಚು. 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸಾಮಾನ್ಯ ಕೊಳವೆ ಹಾಕಿದವರಲ್ಲಿ ಶೇ. 9.4 ಜನರಿಗೆ, ಔಷಧಿ ಸೇರಿಸಿದ ಕೊಳವೆ ಹಾಕಿದವರಲ್ಲಿ ಶೇ. 1.3 ಜನರಿಗೆ ಸೋಂಕಾಯಿತು. ದೀರ್ಘಕಾಲ ತೊಂದರೆ ಇರುವವರಿಗೆ ತಲೆಯಿಂದ ಹೊಟ್ಟೆಯವರೆಗೆ ಚರ್ಮದೊಳಗೇ ಇಡುವ ಶಾಶ್ವತ ಕೊಳವೆಗೆ ಶಂಟ್ ಎನ್ನುತ್ತಾರೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 1605 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾಮಾನ್ಯ ಶಂಟ್‌ಗೆ ಶೇ. 6, ಬೆಳ್ಳಿ ಸೇರಿಸಿದ ಶಂಟ್‌ಗೂ ಶೇ. 6, ಆಂಟಿಬಯೋಟಿಕ್ ಸೇರಿಸಿದ್ದಕ್ಕೆ ಶೇ. 2 ಸೋಂಕು ಕಂಡಿತು. ವಿಶೇಷ ಲೇಪನದ ಎರಡರಲ್ಲಿ ಒಂದು ಕೆಲಸಕ್ಕೆ ಬಂತು, ಇನ್ನೊಂದರಿಂದ ಲಾಭವಾಗಲಿಲ್ಲ.

ಬೆಲೆ ಕಡಿಮೆ ಎಂದ ಮಾತ್ರಕ್ಕೆ ಕೀಳು ಎಂದೂ ಅಲ್ಲ. ನಮ್ಮ ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟ್‌ನ ಬೆಲೆ ಆಗ ಸುಮಾರು 35 ಡಾಲರ್; ಹೋಲಿಕೆಗೆ ತೆಗೆದುಕೊಂಡ ಪಾಶ್ಚಾತ್ಯ ಶಂಟ್‌ನದು 600ಕ್ಕೂ ಹೆಚ್ಚು ಡಾಲರ್. ಆಫ್ರಿಕಾದ ಉಗಾಂಡದಲ್ಲಿ 195 ಮಕ್ಕಳಲ್ಲಿ ಎರಡನ್ನೂ ಹೋಲಿಸಿ ನೋಡಿ 2005ರಲ್ಲಿ ಪ್ರಕಟಿಸಿದಾಗ ಒಂದು ವರ್ಷದ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಲೆಕ್ಕ ಹಾಕುವಾಗ ಕೊಳವೆಯ ಬೆಲೆಯೊಂದನ್ನೇ ನೋಡದೆ, ತಪ್ಪಿದ ಸೋಂಕು, ಉಳಿದ ಆಸ್ಪತ್ರೆ ದಿನಗಳು, ಮನೆಯ ದುಡಿಯುವ ವ್ಯಕ್ತಿ ಕೆಲಸಕ್ಕೆ ಮರಳಿದ ದಿನ, ಎಲ್ಲವನ್ನೂ ಖಾತೆಗೆ ಹಿಡಿಯಬೇಕು.

10. ಮನೆಯವರು ಏನು ಮಾಡಬಹುದು?

ಚಿಕಿತ್ಸೆಯ ತೀರ್ಮಾನ ವೈದ್ಯರದು. ಆದರೂ ನಮ್ಮ ಕೈಯಲ್ಲಿರುವ ಕೆಲವು ಕೆಲಸಗಳಿವೆ.

• ರೋಗಿಯನ್ನು ಮುಟ್ಟುವ ಮೊದಲು ಮತ್ತು ನಂತರ ಕೈ ಶುಚಿ ಮಾಡಿಕೊಳ್ಳಿ. ಐಸಿಯುಗೆ ಒಬ್ಬೊಬ್ಬರಾಗಿ ಹೋಗಿ. ಪ್ರೀತಿಯಿಂದ ಬಂದ ಹತ್ತು ನೆಂಟರು ಹತ್ತು ಜೊತೆ ಕೈಗಳನ್ನೂ ತರುತ್ತಾರೆ.
• ಬೆಡ್ಡಿನ ತಲೆಭಾಗವನ್ನು ನೀವೇ ಏರಿಸಬೇಡಿ, ಇಳಿಸಬೇಡಿ. ಕೊಠಡಿಯ ಎತ್ತರ ಕಿವಿಯ ಮಟ್ಟಕ್ಕೆ ಹೊಂದಿಸಿದ್ದು. ತಲೆ ಏರಿದರೆ ದ್ರವ ಬೇಕಾದ್ದಕ್ಕಿಂತ ಹೆಚ್ಚು ಹರಿದುಹೋಗಬಹುದು. ಸಿಸ್ಟರ್ ಅನ್ನು ಕರೆಯಿರಿ.
• ಬ್ಯಾಂಡೇಜು ಒದ್ದೆಯಾಗಿದ್ದರೆ, ಜೋಡಣೆ ಕಳಚಿದ್ದರೆ, ದ್ರವ ಮಬ್ಬಾಗಿ ಕಂಡರೆ, ರೋಗಿ ಹಿಂದಿಗಿಂತ ಹೆಚ್ಚು ಮಂಪರಾದರೆ ತಡಮಾಡದೆ ಹೇಳಿ. ನೀವೇ ಸರಿಪಡಿಸಲು ಹೋಗಬೇಡಿ.
• "ಯಾಕೆ ಥಿಯೇಟರ್‌ನಲ್ಲಿ ಮಾಡಲಿಲ್ಲ?" ಎಂದು ಜಗಳಕ್ಕೆ ನಿಲ್ಲುವ ಬದಲು ಸಮಾಧಾನದಿಂದ ಕೇಳಿ: "ಡಾಕ್ಟರೇ, ಕೊಳವೆ ಇನ್ನೂ ಎಷ್ಟು ದಿನ ಬೇಕಾಗಬಹುದು?" ಈ ಪ್ರಶ್ನೆ ವೈದ್ಯರಿಗೂ ಉಪಯೋಗಕ್ಕೆ ಬರುವಂಥದ್ದು.

ತುರ್ತು ಹೊತ್ತಿನಲ್ಲಿ ಕೋಣೆಯ ಬಗ್ಗೆ ವಾದ ಮಾಡುತ್ತಾ ಸಹಿ ತಡವಾದರೆ, ಬರಬಹುದಾದ ಒಂದು ಅಪಾಯಕ್ಕೆ ಹೆದರಿ ಈಗಾಗಲೇ ಬಂದಿರುವ ಅಪಾಯಕ್ಕೆ ಬಾಗಿಲು ತೆರೆದಂತಾಗುತ್ತದೆ. ಸೋಂಕಿಗೆ ಚಿಕಿತ್ಸೆ ಇದೆ. ಒತ್ತಡದಿಂದ ಸತ್ತ ಮಿದುಳಿನ ಭಾಗಕ್ಕೆ ಇಲ್ಲ.

ಅಭ್ಯಾಸಕ್ಕೆ

ತರಗತಿಯಲ್ಲಿ ಸ್ನೇಹಿತರ ಜೊತೆ ಕುಳಿತು ಮಾಡಬಹುದಾದ ಮೂರು ಪ್ರಶ್ನೆಗಳು. ಅಂಕಿಗಳು ಕಲ್ಪಿತ.

1) 'ಅ' ಆಸ್ಪತ್ರೆಯಲ್ಲಿ 60 ರೋಗಿಗಳಿಗೆ ಸರಾಸರಿ 6 ದಿನ ಕೊಳವೆ ಇತ್ತು, 3 ಸೋಂಕು. 'ಆ' ಆಸ್ಪತ್ರೆಯಲ್ಲಿ 40 ರೋಗಿಗಳಿಗೆ ಸರಾಸರಿ 12 ದಿನ ಇತ್ತು, 4 ಸೋಂಕು. ಎರಡಕ್ಕೂ ಶೇಕಡಾವಾರು ಮತ್ತು 1000 ಕೊಳವೆ-ದಿನದ ದರ ಕಂಡುಹಿಡಿಯಿರಿ. ಯಾವ ಆಸ್ಪತ್ರೆ ಮೇಲು?

2) ಒಂದು ಆಸ್ಪತ್ರೆ "ನಮ್ಮಲ್ಲಿ ಸೋಂಕು ಬರೀ ಶೇ. 2" ಎಂದು ಜಾಹೀರಾತು ಹಾಕಿದೆ. ಅದನ್ನು ನಂಬುವ ಮೊದಲು ನೀವು ಕೇಳಬೇಕಾದ ಮೂರು ಪ್ರಶ್ನೆಗಳನ್ನು ಬರೆಯಿರಿ.

3) ಔಷಧಿ ಸೇರಿಸಿದ ಕೊಳವೆಗೆ ಹೆಚ್ಚುವರಿ ಖರ್ಚು 5,000 ರೂಪಾಯಿ, ಒಂದು ಸೋಂಕಿನ ಚಿಕಿತ್ಸೆಗೆ 2,00,000 ರೂಪಾಯಿ ಎಂದುಕೊಳ್ಳಿ. ಸೋಂಕು ಶೇ. 9ರಿಂದ ಶೇ. 3ಕ್ಕೆ ಇಳಿದರೆ 100 ರೋಗಿಗಳಲ್ಲಿ ಒಟ್ಟು ಲಾಭವೋ ನಷ್ಟವೋ?

ಮೊದಲ ಪ್ರಶ್ನೆಯ ಉತ್ತರ: ಶೇಕಡಾವಾರು ನೋಡಿದರೆ 5 ಮತ್ತು 10, ಕೊಳವೆ-ದಿನದಲ್ಲಿ ಎರಡೂ ಸುಮಾರು 8.3, ಅಂದರೆ ಸಮಸಮ. ಉಳಿದ ಎರಡಕ್ಕೆ ಉತ್ತರ ಬರೆದವರು ನಮ್ಮ ತರಗತಿಗೆ ತಂದುಕೊಡಿ. ವಿಜ್ಞಾನ ವಿಭಾಗದವರಿಗೂ ಸ್ವಾಗತ. ಅವರಿಗೆ ಬ್ಯಾಕ್ಟೀರಿಯಾ ಗೊತ್ತು, ನಮಗೆ ಭಾಜಕ ಗೊತ್ತು. ಇಂತಹ ಪ್ರಶ್ನೆಗೆ ಎರಡೂ ಬೇಕು.